ಹಳೆಯ ಪಾತ್ರಕ್ರೀಡೆಗಳ ಪುನಃಪ್ರಯೋಗವಿಚಾರ

೧. ವಿಷಯಪ್ರವೇಶ

ಗ್ರಂಥವು ಉಳಿದು ಅದರ ಪ್ರಯೋಗವು ಅಳಿಯುವುದು ವಿದ್ಯೆಗಳ ಚರಿತ್ರೆಯಲ್ಲಿ ಅಪೂರ್ವವಾದ ಸಂಗತಿಯಲ್ಲ. ಸಂಗೀತಶಾಸ್ತ್ರಗಳಲ್ಲಿ ಹೆಸರಿಸಿರುವ ಎಷ್ಟೋ ರಾಗಗಳ ಲಕ್ಷಣವು ನಮಗೆ ದೊರೆತಿದ್ದರೂ ಅವನ್ನು ಹಾಡುತ್ತಿದ್ದ ಬಗೆಯು ದೊರೆತಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮುಮ್ಮಡಿ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ವಿನೋದಗಳಿಗೂ ಕ್ರೀಡೆಗಳಿಗೂ ಪ್ರತ್ಯೇಕವಾದ ವಿಂಶತಿಗಳನ್ನು ಮೀಸಲಿಟ್ಟಿದ್ದರೂ, ಆ ಶ್ಲೋಕಗಳನ್ನು ಮಾತ್ರ ನಂಬಿ ಫಲಕದ ಮುಂದೆ ಕುಳಿತವನಿಗೆ ಹೆಜ್ಜೆಹೆಜ್ಜೆಗೂ ಸಂದೇಹಗಳು ಹುಟ್ಟದೆ ಇರವು. ಆಟವೆಂಬುದು ಪುಸ್ತಕದಲ್ಲಿ ಅರ್ಧವೂ ಆಡುವವರ ಸಂಪ್ರದಾಯದಲ್ಲಿ ಅರ್ಧವೂ ನೆಲೆಸಿರತಕ್ಕದ್ದು. ಸಂಪ್ರದಾಯವು ಕಡಿದೊಡನೆ ಪುಸ್ತಕವು ಮೂಕವಾಗುವುದು.

ಇಂತಹುದೇ ಒಂದು ಸನ್ನಿವೇಶವು ನಮ್ಮ ಕಣ್ಣಮುಂದೆಯೇ, ಬಹಳ ಈಚಿನ ಗ್ರಂಥಗಳ ವಿಷಯದಲ್ಲಿ ನಡೆಯುತ್ತಿರುವುದು. ಅಮೆರಿಕಾ ಸಂಯುಕ್ತಸಂಸ್ಥಾನದಲ್ಲಿ ಕ್ರಿ. ಶ. ೧೯೭೪ರಿಂದ ಮೊದಲುಗೊಂಡು ರೋಲ್‌ಪ್ಲೇಯಿಂಗ್ ಗೇಮ್ ಎಂಬ ಒಂದು ಹೊಸ ಬಗೆಯ ಆಟವು ಪ್ರಚಾರಕ್ಕೆ ಬಂದಿತು. ಪ್ರಕೃತ ಲೇಖನದಲ್ಲಿ ಇದನ್ನು ಪಾತ್ರಕ್ರೀಡೆಯೆಂದು ಕರೆಯುವೆವು. ಇದರಲ್ಲಿ ಕೆಲವರು ಮೇಜಿನ ಸುತ್ತಲೂ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ತಮ್ಮ ಪಾತ್ರವು ಏನು ಮಾಡುವುದೆಂದು ಬಾಯಿಂದ ಹೇಳುವರು. ನಿರ್ಣಾಯಕನೊಬ್ಬನು ಆ ಕಲ್ಪಿತ ಲೋಕವನ್ನು ವರ್ಣಿಸಿ, ಸಂದಿಗ್ಧವಾದ ಕಾರ್ಯಗಳ ಫಲವನ್ನು ನಿಯಮಗಳಿಂದಲೂ ದಾಳಗಳಿಂದಲೂ ತನ್ನ ವಿವೇಕದಿಂದಲೂ ನಿಶ್ಚಯಿಸುವನು. ಇದು ನಾಟಕವೂ ಅಲ್ಲ, ಚದುರಂಗವೂ ಅಲ್ಲ. ಎರಡರ ಸಂಕರವೆಂದು ಹೇಳಬಹುದು. ಮೊದಲ ದಶಕದಲ್ಲಿ ಹುಟ್ಟಿದ ಇಂತಹ ಆಟಗಳಲ್ಲಿ ಹಲವು ಈಗ ಮರೆವಿಗೆ ಸಂದಿವೆ. ಅವನ್ನು ಹುಡುಕಿ ತೆಗೆದು, ಬೇರೆಬೇರೆ ಊರುಗಳಲ್ಲಿರುವವರು ಅಂತರ್ಜಾಲದ ಮೂಲಕ ಕೂಡಿ ಆಡುವಂತೆ ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯವು ಕೆಲವು ವರ್ಷಗಳಿಂದ ನಡೆದಿದೆ.

ಈ ಕಾರ್ಯವನ್ನು ಕೇವಲ ಯಂತ್ರಕೌಶಲವೆಂದು ಎಣಿಸುವುದು ಯುಕ್ತವಲ್ಲ. ಇದು ವ್ಯಾಖ್ಯಾನಕಾರ್ಯವು. ವ್ಯಾಖ್ಯಾನಕ್ಕೆ ಯಾವ ಧರ್ಮಗಳಿವೆಯೋ ಅವೇ ಇದಕ್ಕೂ ಸಲ್ಲುವುವು. ಮೂಲವಾವುದು, ವ್ಯಾಖ್ಯೆಯಾವುದು, ಮೂಲವು ಮೌನವಾಗಿರುವ ಸ್ಥಳವಾವುದು ಎಂಬ ಮೂರನ್ನೂ ಬೇರೆಬೇರೆಯಾಗಿ ತೋರಿಸದ ಅಳವಡಿಕೆಯು ಎಷ್ಟೇ ಮನೋಹರವಾಗಿದ್ದರೂ ಗ್ರಂಥಕ್ಕೆ ಅಪಚಾರವೇ ಸರಿ. ಇದನ್ನು ಸಾಧಿಸುವುದೇ ಈ ಲೇಖನದ ಉದ್ದೇಶವು.

೨. ಪಾತ್ರಕ್ರೀಡೆಯ ಉತ್ಪತ್ತಿ

ಈ ಆಟದ ವಂಶವೃಕ್ಷವನ್ನು ಹಿಡಿದು ಮೇಲಕ್ಕೆ ಹೋದರೆ ಪ್ರಷ್ಯಾದೇಶದ ಸೇನಾಧಿಕಾರಿಗಳನ್ನು ಮುಟ್ಟುವೆವು. ೧೮೨೪ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿಯು ಯುದ್ಧಶಿಕ್ಷಣಕ್ಕಾಗಿ ಕ್ರೀಗ್ಸ್‌ಷ್ಪೀಲ್ ಎಂಬ ಸಮರಕ್ರೀಡೆಯ ನಿಯಮಗಳನ್ನು ಅಚ್ಚು ಹಾಕಿಸಿದನು. ನಕ್ಷೆಯ ಮೇಲೆ ಸೇನೆಗಳನ್ನು ನಡೆಸುವ ಎರಡು ಪಕ್ಷಗಳ ನಡುವೆ ಒಬ್ಬ ನಿರ್ಣಾಯಕನಿದ್ದು, ಕೋಷ್ಠಕಗಳನ್ನೂ ದಾಳಗಳನ್ನೂ ಆಶ್ರಯಿಸಿ ಫಲವನ್ನು ಹೇಳುತ್ತಿದ್ದನು. ಕಾಲಕ್ರಮದಲ್ಲಿ ಕೋಷ್ಠಕಗಳ ಭಾರವು ಹೆಚ್ಚಿ ಆಟವು ಕುಂಟಿತು. ಆಗ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿಯು ೧೮೭೬ರಲ್ಲಿ, ಅನುಭವಿಯಾದ ನಿರ್ಣಾಯಕನ ವಿವೇಕವೇ ಸಾಕು, ಕೋಷ್ಠಕಗಳನ್ನು ಬಿಡಬಹುದು ಎಂಬ ಪಕ್ಷವನ್ನು ಪ್ರತಿಪಾದಿಸಿದನು. ನಿಯಮಕ್ಕೂ ನಿರ್ಣಾಯಕನ ವಿವೇಕಕ್ಕೂ ನಡುವಣ ಈ ವಿವಾದವು ಅಂದಿನಿಂದ ಇಂದಿನವರೆಗೂ ಮುಗಿದಿಲ್ಲ. ಗಣಕಯಂತ್ರವು ಬಂದ ಮೇಲೆ ಅದು ಮತ್ತಷ್ಟು ತೀಕ್ಷ್ಣವಾಗಿರುವುದೆಂಬುದನ್ನು ಮುಂದೆ ನೋಡುವೆವು.

ಅಮೆರಿಕಾದಲ್ಲಿ ಟಾಟನ್ ಎಂಬ ಸೇನಾಧಿಕಾರಿಯು ೧೮೮೦ರಲ್ಲಿ ಸ್ಟ್ರಾಟಿಗೋಸ್ ಎಂಬ ಸಮರಕ್ರೀಡಾಗ್ರಂಥವನ್ನು ಪ್ರಕಟಿಸಿದನು. ಸುಮಾರು ತೊಂಬತ್ತು ವರ್ಷಗಳ ಮೇಲೆ ಆ ಪುಸ್ತಕವು ಮಿನೆಸೋಟಾ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಡೇವಿಡ್ ವೆಸ್ಲಿ ಎಂಬವರ ಕಣ್ಣಿಗೆ ಬಿದ್ದಿತು. ಆಟಗಾರನು ಏನನ್ನು ಬೇಕಾದರೂ ಮಾಡಲು ಯತ್ನಿಸಬಹುದು, ಫಲವನ್ನು ನಿರ್ಣಾಯಕನು ಹೇಳುವನು, ಎಂಬ ತತ್ತ್ವವನ್ನು ಅವರು ಅದರಿಂದ ಗ್ರಹಿಸಿದರು. ೧೯೬೯ರಲ್ಲಿ ಅವರು ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಪಟ್ಟಣವನ್ನಿಟ್ಟುಕೊಂಡು ಒಂದು ಸಮರಕ್ರೀಡೆಯನ್ನು ಏರ್ಪಡಿಸಿ, ಸೇನಾಪತಿಗಳಿಗಲ್ಲದೆ ಪಟ್ಟಣದ ಪ್ರಮುಖರಿಗೂ ಪಾತ್ರಗಳನ್ನು ಹಂಚಿದರು. ಆಟವು ಯುದ್ಧದವರೆಗೆ ಹೋಗಲೇ ಇಲ್ಲ. ಆಟಗಾರರು ತಮ್ಮತಮ್ಮ ಪಾತ್ರದ ಒಳಸಂಚುಗಳಲ್ಲಿಯೇ ಮುಳುಗಿಹೋದರು. ಪ್ರಯೋಗವು ಕೆಟ್ಟಿತೆಂದು ವೆಸ್ಲಿಯವರು ಭಾವಿಸಿದರೆ, ಆಡಿದವರು ಇಂತಹುದೇ ಇನ್ನೊಂದು ಬೇಕೆಂದು ಕೇಳಿದರು. ಆ ಗೋಷ್ಠಿಯಲ್ಲಿದ್ದ ಡೇವ್ ಆರ್ನೆಸನ್ ಅವರು ಅದೇ ಕ್ರಮವನ್ನು ಮಾಯಾಮಂತ್ರಗಳುಳ್ಳ ಬ್ಲಾಕ್‌ಮೂರ್ ಎಂಬ ಕಲ್ಪಿತ ಸೀಮೆಗೆ ಅನ್ವಯಿಸಿದರು. ಬಳಿಕ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್ ಅವರೊಡನೆ ಸೇರಿ, ೧೯೭೪ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಗ್ರಂಥವನ್ನು ಮೂರು ಕಿರುಪುಸ್ತಕಗಳಾಗಿ ಹೊರಡಿಸಿದರು. ಮೊದಲ ಮುದ್ರಣವು ೧೦೦೦ ಪ್ರತಿಗಳು. ಬೆಲೆ ೧೦ ಡಾಲರು. ಪಾತ್ರಕ್ರೀಡೆಯೆಂಬ ಹೆಸರು ಅದರ ಮೇಲೆ ಇಲ್ಲ. ಕಾಗದ, ಸೀಸದಕಡ್ಡಿ, ಗೊಂಬೆಗಳಿಂದ ಆಡಬಹುದಾದ ಸಮರಕ್ರೀಡೆಯ ನಿಯಮಗಳು ಎಂದೇ ಅದು ತನ್ನನ್ನು ಪರಿಚಯಪಡಿಸಿಕೊಂಡಿದೆ.

೩. ಮೂಲಗ್ರಂಥದ ಅಪೂರ್ಣತೆ

ಈ ಮೂರು ಕಿರುಪುಸ್ತಕಗಳನ್ನು ಮಾತ್ರ ಕೈಯಲ್ಲಿ ಹಿಡಿದವನು ಆಟವನ್ನು ಆಡಲಾರನು. ಯುದ್ಧದ ವಿಧಾನಕ್ಕೆ ಅವು ೧೯೭೧ರಲ್ಲಿ ಅಚ್ಚಾದ ಚೈನ್‌ಮೇಲ್ ಎಂಬ ಬೇರೊಂದು ಗ್ರಂಥವನ್ನು ನಿರ್ದೇಶಿಸಿ, ಪಕ್ಷಾಂತರವಾಗಿ ಇಪ್ಪತ್ತು ಮುಖದ ದಾಳದ ಕ್ರಮವೊಂದನ್ನು ಕೊಡುವುವು. ಕಾಡುಮೇಡುಗಳ ಪ್ರಯಾಣಕ್ಕೆ ೧೯೭೨ರಲ್ಲಿ ಮತ್ತೊಂದು ಸಂಸ್ಥೆಯವರು ಹೊರಡಿಸಿದ ಔಟ್‌ಡೋರ್ ಸರ್ವೈವಲ್ ಎಂಬ ಆಟದ ಹಾಸನ್ನು ಬಳಸಿರೆಂದು ಹೇಳುವುವು. ಕೈಕೈ ಹತ್ತಿದಾಗ ಮೊದಲು ಹೊಡೆಯುವವರು ಯಾರು ಎಂಬ ಪ್ರಥಮಪ್ರಶ್ನೆಗೆ ಅವುಗಳಲ್ಲಿ ಸ್ಪಷ್ಟವಾದ ಉತ್ತರವಿಲ್ಲ. ದೂರವನ್ನು ಅಂಗುಲಗಳಲ್ಲಿ ಹೇಳಿ, ಆ ಅಂಗುಲವನ್ನು ನೆಲದೊಳಗಿನ ಸುರಂಗಗಳಲ್ಲಿ ಹತ್ತು ಅಡಿಯೆಂದೂ ಬಯಲಿನಲ್ಲಿ ಹತ್ತು ಗಜವೆಂದೂ ಎಣಿಸತಕ್ಕದ್ದೆಂಬ ಪರಿಭಾಷೆಯನ್ನು ಅವಲಂಬಿಸಿರುವುವು. ಗಜವು ಮೂರು ಅಡಿಯಾದುದರಿಂದ ಒಂದೇ ಶಬ್ದಕ್ಕೆ ಸ್ಥಳಭೇದದಿಂದ ಮೂರು ಪಟ್ಟು ಅರ್ಥಭೇದವುಂಟಾಗುವುದು.

ಇವೆಲ್ಲವೂ ಗ್ರಂಥಕರ್ತರ ಅಜಾಗರೂಕತೆಯಿಂದ ಬಂದುವೆಂದು ಹೇಳಲಾಗದು. ಮೂರನೆಯ ಪುಸ್ತಕದ ಕೊನೆಯಲ್ಲಿ, ಸಂದೇಹ ಬಂದೆಡೆಯಲ್ಲಿ ನಿರ್ಣಾಯಕನು ತನಗೆ ತೋರಿದಂತೆ ನಿಶ್ಚಯಿಸಿಕೊಳ್ಳಲೆಂದೂ, ಕಲ್ಪನೆಯ ಕೆಲಸವನ್ನು ಗ್ರಂಥಕರ್ತರಿಗೆ ಒಪ್ಪಿಸಬಾರದೆಂದೂ ಅಭಿಪ್ರಾಯ ಬರುವ ಮಾತುಗಳಿವೆ. ಸೂತ್ರಕಾರನು ಅಲ್ಪಾಕ್ಷರವಾಗಿ ಬರೆಯುವುದು ಗುರುಮುಖವಿದೆಯೆಂಬ ಭರವಸೆಯಿಂದ. ಇಲ್ಲಿಯೂ ಗ್ರಂಥವು ಬರೆದಿರುವುದು ಸಮರಕ್ರೀಡೆಗಳನ್ನು ಮೊದಲೇ ಬಲ್ಲವರಿಗಾಗಿ. ನಿರ್ಣಾಯಕನಿಗೂ ಆಟಗಾರರ ಪರವಾಗಿ ಮಾತನಾಡುವವನಿಗೂ ನಡೆಯುವ ಸಂಭಾಷಣೆಯ ಮಾದರಿಯೊಂದನ್ನು ಅದೇ ಪುಸ್ತಕದಲ್ಲಿ ಕೊಟ್ಟಿರುವರು. ಪ್ರಯೋಗಪದ್ಧತಿಯೆಂದು ನಮಗೆ ಗ್ರಂಥದೊಳಗಿಂದಲೇ ದೊರೆಯುವುದು ಬಹುಮಟ್ಟಿಗೆ ಅಷ್ಟೇ.

೪. ಒಂದು ವಿಕೃತಿಗ್ರಂಥ: ಬಾರ್ಕರ್ ಅವರ ಸಾಮ್ರಾಜ್ಯ

ಮೇಲ್ಕಂಡ ಗ್ರಂಥವನ್ನು ಅನುಸರಿಸಿ ಶೀಘ್ರದಲ್ಲಿಯೇ ಬೇರೆ ಗ್ರಂಥಗಳು ಹುಟ್ಟಿದುವು. ಆರು ಮುಖದ ದಾಳಗಳೇ ಸಾಕೆಂದು ಕೆನ್ ಸೇಂಟ್ ಆಂಡ್ರೆ ಅವರು ೧೯೭೫ರಲ್ಲಿ ಟನಲ್ಸ್ ಅಂಡ್ ಟ್ರೋಲ್ಸ್ ಎಂಬುದನ್ನು ರಚಿಸಿದರು. ಮೊಲಗಳೇ ಪಾತ್ರಗಳಾಗಿರುವ ಬನೀಸ್ ಅಂಡ್ ಬರೋಸ್ ಎಂಬ ವಿಚಿತ್ರವಾದ ಆಟವೂ, ನಕ್ಷತ್ರನೌಕೆಯೊಂದರಲ್ಲಿ ನಡೆಯುವ ಮೆಟಮಾರ್ಫೋಸಿಸ್ ಆಲ್ಫಾ ಎಂಬುದೂ ೧೯೭೬ರಲ್ಲಿ ಬಂದುವು. ಭಾಷಾಶಾಸ್ತ್ರವನ್ನು ಬಲ್ಲವರಿಗೆ ಇವುಗಳಲ್ಲೆಲ್ಲ ವಿಶೇಷವಾಗಿ ಗಮನಾರ್ಹವಾದುದು ೧೯೭೫ರ ಎಂಪೈರ್ ಆಫ್ ದಿ ಪೆಟಲ್ ಥ್ರೋನ್. ಪುಷ್ಪದಳಸಿಂಹಾಸನದ ಸಾಮ್ರಾಜ್ಯವೆಂದು ಆ ಹೆಸರಿನ ಅರ್ಥ.

ಇದರ ಕರ್ತೃಗಳಾದ ಎಂ. ಎ. ಆರ್. ಬಾರ್ಕರ್ ಅವರು ೧೯೨೯ರಲ್ಲಿ ಜನಿಸಿದವರು, ವೃತ್ತಿಯಿಂದ ಭಾಷಾಶಾಸ್ತ್ರಜ್ಞರು. ಆರೆಗನ್ ಪ್ರಾಂತದ ಕ್ಲಾಮತ್ ಎಂಬ ಮೂಲನಿವಾಸಿಗಳ ಭಾಷೆಯ ಪಾಠಗಳನ್ನೂ ನಿಘಂಟನ್ನೂ ೧೯೬೩ರಲ್ಲಿ, ವ್ಯಾಕರಣವನ್ನು ೧೯೬೪ರಲ್ಲಿ ಪ್ರಕಟಿಸಿದರು. ಉರ್ದು ಮತ್ತು ಬಲೂಚಿ ಭಾಷೆಗಳ ಪಾಠಪುಸ್ತಕಗಳು ಇವರ ಪ್ರಸಿದ್ಧ ಕೃತಿಗಳು. ಮೊದಲು ಕೆನಡಾದ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿಯೂ, ೧೯೭೨ರಿಂದ ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿಯೂ ದಕ್ಷಿಣ ಏಷ್ಯಾದ ವಿದ್ಯೆಗಳನ್ನು ಬೋಧಿಸಿದರು. ಬಾಲ್ಯದಿಂದ ಇವರು ಕಲ್ಪಿಸಿಕೊಂಡು ಬಂದಿದ್ದ ಟೇಕುಮೆಲ್ ಎಂಬ ಲೋಕಕ್ಕೆ ವ್ಯಾಕರಣಸಹಿತವಾದ ಭಾಷೆಯುಂಟು, ಲಿಪಿಯುಂಟು, ದೇವತಾಗಣವುಂಟು, ರಾಜವಂಶಗಳ ಚರಿತ್ರೆಯುಂಟು. ಆ ಲೋಕದ ತ್ಸೋಲ್ಯಾನಿ ಭಾಷೆಯಲ್ಲಿ ಮಧ್ಯಮಪುರುಷ ಸರ್ವನಾಮವು ಕೇಳುವವನ ಅಂತಸ್ತಿಗೆ ತಕ್ಕಂತೆ ನಾನಾ ರೂಪಗಳನ್ನು ತಾಳುವುದು. ನೀನು, ನೀವು, ತಾವು ಎಂಬ ಭೇದವನ್ನು ನಿತ್ಯವೂ ಬಳಸುವ ನಮಗೆ ಇದರ ಮರ್ಮವು ಬೇಗ ತಿಳಿಯುವುದು. ಆಟದಲ್ಲಿ ತಪ್ಪಾದ ಸಂಬೋಧನೆಯು ಕತ್ತಿಯ ಪೆಟ್ಟಿನಷ್ಟೇ ಅಪಾಯಕರವಾಗಬಹುದು.

೧೯೭೪ರಲ್ಲಿ ಕೆಲವೇ ಪ್ರತಿಗಳಲ್ಲಿ ಹರಡಿದ ಇವರ ನಿಯಮಗ್ರಂಥವು ಮರುವರ್ಷ ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಾಶಕರಿಂದಲೇ ಪೆಟ್ಟಿಗೆಯ ರೂಪದಲ್ಲಿ, ನಕ್ಷೆಗಳ ಸಮೇತ, ೨೫ ಡಾಲರುಗಳ ಬೆಲೆಗೆ ಹೊರಟಿತು. ಪ್ರಕೃತಿಗ್ರಂಥದ ಎರಡೂವರೆಯಷ್ಟು ಬೆಲೆ, ನಾಲಗೆಗೆ ಹೊರಳದ ಹೆಸರುಗಳು, ಪರಿಚಿತವಾದ ಐರೋಪ್ಯ ಕಥೆಗಳ ಛಾಯೆಯಿಲ್ಲದ ಲೋಕ: ಈ ಮೂರು ಕಾರಣಗಳಿಂದ ಅದು ಕೆಲವರ ಪ್ರೀತಿಯನ್ನೂ ಹಲವರ ಮರೆವನ್ನೂ ಪಡೆಯಿತು.

೫. ಗಣಕಯಂತ್ರದ ಎರಡು ಮಾರ್ಗಗಳು

ಪಾತ್ರಕ್ರೀಡೆಯು ಗಣಕಯಂತ್ರವನ್ನು ಸೇರಿದುದು ಈಚೆಗಲ್ಲ. ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೋ ಎಂಬ ಬೋಧನಾಯಂತ್ರಜಾಲದಲ್ಲಿ ೧೯೭೫ರಲ್ಲಿಯೇ ವಿದ್ಯಾರ್ಥಿಗಳು ಇಂತಹ ಆಟಗಳನ್ನು ರಚಿಸಿದ್ದರು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ೧೯೭೮ರಲ್ಲಿ ಟ್ರಬ್‌ಶಾ ಎಂಬವರು ಆರಂಭಿಸಿ ಬಾರ್ಟಲ್ ಎಂಬವರು ಮುಂದುವರಿಸಿದ ಮಡ್ ಎಂಬ ಆಟದಲ್ಲಿ ಅನೇಕರು ಏಕಕಾಲದಲ್ಲಿ ಒಂದು ಕಲ್ಪಿತ ಲೋಕವನ್ನು ಸಂಚರಿಸಬಹುದಾಗಿತ್ತು. ಆದರೆ ಈ ಮಾರ್ಗದಲ್ಲಿ ಯಂತ್ರವೇ ನಿರ್ಣಾಯಕನ ಪೀಠವನ್ನೇರಿತು. ನಿಯಮದಲ್ಲಿ ಮೊದಲೇ ಹೇಳದ ಕಾರ್ಯವನ್ನು ಅಲ್ಲಿ ಯಾರೂ ಮಾಡಲಾರರು.

ಎರಡನೆಯ ಮಾರ್ಗವು ಬೇರೆ. ಇದರಲ್ಲಿ ನಿರ್ಣಾಯಕನು ಮನುಷ್ಯನೇ. ಯಂತ್ರವು ಮೇಜಿನ ಸ್ಥಾನವನ್ನು ಮಾತ್ರ ವಹಿಸುವುದು. ನಕ್ಷೆ, ಗೊಂಬೆಗಳು, ದಾಳಗಳು, ಪಾತ್ರದ ಗುಣಗಳನ್ನು ಬರೆದ ಹಾಳೆ ಇವೆಲ್ಲವೂ ತೆರೆಯ ಮೇಲೆ ಇರುವುವು. ಮಾತು ಅಂತರ್ಜಾಲದಲ್ಲಿ ಹರಿಯುವುದು. ಇದಕ್ಕೆ ವರ್ಚುವಲ್ ಟೇಬಲ್‌ಟಾಪ್ ಎಂದು ಹೆಸರು. ನಾವು ಗಣಕಫಲಕವೆನ್ನೋಣ. ೨೦೦೪ರ ಫ್ಯಾಂಟಸಿ ಗ್ರೌಂಡ್ಸ್, ೨೦೧೨ರ ರೋಲ್‌ಟ್ವೆಂಟಿ, ೨೦೨೦ರ ಫೌಂಡ್ರಿ ಎಂಬಿವು ಇವುಗಳಲ್ಲಿ ಪ್ರಸಿದ್ಧವಾದುವು. ೨೦೨೦ರ ಸಾಂಕ್ರಾಮಿಕ ರೋಗದ ದೆಸೆಯಿಂದ ಜನರು ಒಂದೆಡೆ ಸೇರಲಾರದಾದಾಗ ಈ ಫಲಕಗಳ ಬಳಕೆಯು ಬಹಳವಾಗಿ ಹೆಚ್ಚಿತು. ಒಂದೇ ಊರಿನಲ್ಲಿ ನಾಲ್ಕು ಜನ ಆಸಕ್ತರು ಸಿಕ್ಕದಿದ್ದ ಅಪ್ರಸಿದ್ಧ ಆಟಕ್ಕೆ ನಾಲ್ಕು ದೇಶಗಳಿಂದ ನಾಲ್ವರು ಸಿಕ್ಕುವಂತಾಯಿತು. ಮರೆತ ಆಟಗಳ ಪುನರುಜ್ಜೀವನಕ್ಕೆ ಇದೇ ಪ್ರಬಲವಾದ ಕಾರಣವು.

ಆದರೆ ಅಪಾಯವೂ ಇಲ್ಲಿಯೇ ಇದೆ. ಗಣಕಫಲಕವು ಮೇಲುನೋಟಕ್ಕೆ ಮೇಜು. ಒಳಗೆ ಅದೂ ಒಂದು ನಿಯಮಗ್ರಂಥವೇ. ಚೌಕದ ಅಳತೆ ಎಷ್ಟು, ಸರದಿ ಹೇಗೆ, ಗುರಾಣಿಕವಚಗಳ ಅಂಕವು ಏರುವುದೋ ಇಳಿಯುವುದೋ ಎಂಬುವನ್ನು ಅದರಲ್ಲಿ ಮೊದಲೇ ತುಂಬಿರುವರು. ಹೀಗೆ ತುಂಬಿದುದು ಈಗ ಬಳಕೆಯಲ್ಲಿರುವ ಪ್ರಸಿದ್ಧ ಆಟಗಳ ಮಾದರಿಯಲ್ಲಿ. ೧೯೭೪ರ ಗ್ರಂಥದಲ್ಲಿ ಕವಚದ ಅಂಕವು ಕಡಿಮೆಯಾದಷ್ಟೂ ರಕ್ಷೆಯು ಹೆಚ್ಚು. ೨೦೦೦ದ ಆವೃತ್ತಿಯಲ್ಲಿ ಅದು ತಿರುಗುಮುರುಗಾಯಿತು. ಹಳೆಯ ಆಟವನ್ನು ಹೊಸ ಫಲಕದ ಮೇಲೆ ಇಟ್ಟೊಡನೆ ಫಲಕದ ನಿಯಮವು ಸದ್ದಿಲ್ಲದೆ ಗ್ರಂಥದ ನಿಯಮವನ್ನು ತಳ್ಳಿಹಾಕುವುದು.

೬. ಅತಿದೇಶ, ಊಹ, ಬಾಧ

ಇಂತಹ ತೊಡಕುಗಳನ್ನು ಬಿಡಿಸುವ ನ್ಯಾಯಗಳನ್ನು ನಮ್ಮ ಮೀಮಾಂಸಕರು ಯಜ್ಞಕರ್ಮದ ಸಂಬಂಧದಲ್ಲಿ ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಅಂಗಗಳೆಲ್ಲವನ್ನೂ ವಿಸ್ತಾರವಾಗಿ ಉಪದೇಶಿಸಿರುವ ಕರ್ಮವು ಪ್ರಕೃತಿ. ಕೆಲವು ವಿಶೇಷಗಳನ್ನು ಮಾತ್ರ ಹೇಳಿ ಮಿಕ್ಕುದಕ್ಕೆ ಪ್ರಕೃತಿಯನ್ನು ಆಶ್ರಯಿಸುವುದು ವಿಕೃತಿ. ಇಷ್ಟಿಗಳಿಗೆ ದರ್ಶಪೂರ್ಣಮಾಸವು ಪ್ರಕೃತಿಯಾಗಿರುವಂತೆ. ಪ್ರಕೃತಿಯ ಅಂಗಗಳು ವಿಕೃತಿಗೆ ಬರುವುದು ಅತಿದೇಶ. ಇದು ಜೈಮಿನಿಸೂತ್ರಗಳ ಏಳು ಎಂಟನೆಯ ಅಧ್ಯಾಯಗಳ ವಿಷಯ. ಬಂದ ಅಂಗವನ್ನು ವಿಕೃತಿಗೆ ಹೊಂದುವಂತೆ ಮಾರ್ಪಡಿಸುವುದು ಊಹ. ಇದು ಒಂಬತ್ತನೆಯದರ ವಿಷಯ. ಪ್ರಯೋಜನವಿಲ್ಲದ ಅಂಗವನ್ನು ಬಿಡುವುದು ಬಾಧ. ಇದು ಹತ್ತನೆಯದರ ವಿಷಯ. ಯಜ್ಞಕ್ಕೂ ಆಟಕ್ಕೂ ಗೌರವದಲ್ಲಿ ಸಾಟಿಯಿಲ್ಲವಾದರೂ, ವಿಧಿವಾಕ್ಯಗಳಿಂದ ಕಾರ್ಯಕ್ರಮವನ್ನು ಕಟ್ಟುವ ಸಮಸ್ಯೆಯು ಎರಡೆಡೆಯಲ್ಲಿಯೂ ಸಮಾನವಾಗಿದೆ. ಆದುದರಿಂದ ಈ ಮೂರನ್ನೂ ಕ್ರಮವಾಗಿ ಅನ್ವಯಿಸಿ ನೋಡುವೆವು.

ಮೊದಲು ಅತಿದೇಶ. ಬಾರ್ಕರ್ ಅವರ ಗ್ರಂಥವು ೧೯೭೪ರ ಗ್ರಂಥಕ್ಕೆ ವಿಕೃತಿಯೆಂಬುದು ಸ್ಪಷ್ಟ. ಅದು ಮೌನವಾಗಿರುವಲ್ಲಿ ಪ್ರಕೃತಿಯಿಂದ ಪೂರ್ತಿಮಾಡಿಕೊಳ್ಳುವುದು ನ್ಯಾಯವೇ. ಆದರೆ ಪ್ರಕೃತಿಯೆಂದರೆ ಯಾವುದು? ೧೯೭೪ರ ಮೂರು ಪುಸ್ತಕಗಳೇ ಹೊರತು ಅನಂತರದ ಆವೃತ್ತಿಗಳಲ್ಲ. ಆ ಮೂರು ಪುಸ್ತಕಗಳಲ್ಲಿ ಎಲ್ಲ ಆಯುಧಗಳ ಪೆಟ್ಟಿಗೂ ಒಂದು ಆರುಮುಖದ ದಾಳವೇ ಪ್ರಮಾಣ. ಆಯುಧಕ್ಕೊಂದು ದಾಳವೆಂಬ ಭೇದವು ೧೯೭೫ರ ಗ್ರೇಹಾಕ್ ಎಂಬ ಅನುಬಂಧದಿಂದ ಬಂದುದು. ಫಲಕದಲ್ಲಿ ಸಿದ್ಧವಾಗಿರುವ ಆಯುಧಗಳ ಪಟ್ಟಿಯನ್ನು ಹಾಗೆಯೇ ತಂದು ೧೯೭೪ರ ಆಟದೊಳಗೆ ಇಡುವ ಯೋಜಕನು ವಿಕೃತಿಯಿಂದ ಪ್ರಕೃತಿಗೆ ಅತಿದೇಶ ಮಾಡಿದಂತಾಯಿತು. ಇದು ಎಲ್ಲಿಯೂ ಸಲ್ಲದು. ವಿಕೃತಿಯಲ್ಲಿ ಸ್ವತಂತ್ರವಾಗಿ ಹೇಳಿದುದನ್ನು ಪ್ರಕೃತಿಯು ಅಳಿಸಲಾರದೆಂಬುದನ್ನೂ ನೆನೆಯಬೇಕು. ಬಾರ್ಕರ್ ಅವರು ಪಾತ್ರದ ಗುಣಗಳನ್ನು ಮೂರರಿಂದ ಹದಿನೆಂಟರವರೆಗೆ ಎಣಿಸದೆ ಒಂದರಿಂದ ನೂರರವರೆಗೆ ಎಣಿಸಿದ್ದಾರೆ. ಹೊಡೆತದ ದಾಳದಲ್ಲಿ ೨೦ ಬಿದ್ದರೆ ಪೆಟ್ಟು ಇಮ್ಮಡಿಯೆಂದಿದ್ದಾರೆ. ಇಮ್ಮಡಿಪೆಟ್ಟು ಈಚಿನ ಆಟಗಳಲ್ಲಿ ಸಾಮಾನ್ಯವಾಗಿರುವುದನ್ನು ಕಂಡು, ಇದು ಪ್ರಕ್ಷಿಪ್ತವಿರಬೇಕೆಂದು ಶಂಕಿಸಿ ಬಿಡುವವನು ಮೂಲದ ಒಂದು ವೈಶಿಷ್ಟ್ಯವನ್ನೇ ಕಳೆಯುವನು.

ಎರಡನೆಯದು ಊಹ. ಸೂರ್ಯನಿಗಾಗಿ ಮಾಡುವ ಚರುವಿನಲ್ಲಿ ಪ್ರಕೃತಿಯ ಮಂತ್ರದ ಅಗ್ನಿಪದವನ್ನು ತೆಗೆದು ಸೂರ್ಯಪದವನ್ನಿಡುವಂತೆ, ಮೇಜಿನ ಮಾತನ್ನು ಫಲಕದ ಮಾತಾಗಿ ಬದಲಿಸಬೇಕಾಗುವುದು. ಅಂಗುಲದ ಪರಿಭಾಷೆಯು ಇದಕ್ಕೆ ಉತ್ತಮ ನಿದರ್ಶನ. ಯೋಜಕನು ಅಂಗುಲವನ್ನು ಹತ್ತು ಅಡಿಯ ಚೌಕವೆಂದು ಒಮ್ಮೆಗೇ ನಿಗದಿಮಾಡಿಬಿಟ್ಟರೆ ಸುರಂಗದಲ್ಲಿ ಎಲ್ಲವೂ ಸರಿಯಾಗುವುದು. ಬಯಲಿಗೆ ಬಂದೊಡನೆ ಬಿಲ್ಲುಗಾರನ ಬಾಣವು ಹೋಗಬೇಕಾದುದರಲ್ಲಿ ಮೂರನೆಯ ಒಂದು ಪಾಲು ದೂರಕ್ಕೇ ಬೀಳುವುದು. ದಾಳದ ವಿಷಯವೂ ಹೀಗೆಯೇ. ಆ ಕಾಲದ ಇಪ್ಪತ್ತುಮುಖದ ದಾಳಗಳಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಗಳು ಎರಡೆರಡು ಸಲ ಕೊರೆದಿರುತ್ತಿದ್ದುವು. ಅದನ್ನು ಎರಡು ಸಲ ಉರುಳಿಸಿದರೆ ನೂರರವರೆಗಿನ ಸಂಖ್ಯೆಯು ದೊರೆಯುತ್ತಿದ್ದಿತು. ಅರ್ಧ ಮುಖಗಳಿಗೆ ಬಣ್ಣವನ್ನು ಹಚ್ಚಿದರೆ ಇಪ್ಪತ್ತರವರೆಗಿನ ಸಂಖ್ಯೆಯು ದೊರೆಯುತ್ತಿದ್ದಿತು. ಇದನ್ನು ಅರಿಯದೆ ಹಳೆಯ ವಾಕ್ಯಗಳನ್ನು ಓದುವವನಿಗೆ ಒಂದೇ ದಾಳವನ್ನು ಎರಡು ಕೆಲಸಕ್ಕೆ ಏಕೆ ಹೇಳಿದರೆಂಬುದು ತಿಳಿಯದು. ನಿರ್ಣಾಯಕನು ಮರೆಯಲ್ಲಿ ಉರುಳಿಸುತ್ತಿದ್ದ ದಾಳಕ್ಕೆ ಫಲಕದಲ್ಲಿ ಆತನೊಬ್ಬನಿಗೇ ಕಾಣುವ ದಾಳವನ್ನು ಕಲ್ಪಿಸುವುದೂ ಯುಕ್ತವಾದ ಊಹವೇ.

ಮೂರನೆಯದು ಬಾಧ. ಬತ್ತದ ಸ್ಥಾನದಲ್ಲಿ ಚಿನ್ನದ ಕೃಷ್ಣಲಗಳನ್ನು ಬೇಯಿಸುವ ಚರುವಿನಲ್ಲಿ ಕುಟ್ಟುವ ಅಂಗವನ್ನು ಬಿಡುವರು. ಏಕೆಂದರೆ ಚಿನ್ನಕ್ಕೆ ಹೊಟ್ಟಿಲ್ಲ. ಪ್ರಯೋಜನವು ಲೋಪವಾದಲ್ಲಿ ಅಂಗವೂ ಲೋಪವಾಗುವುದೆಂಬುದು ತತ್ತ್ವ. ಹಾಗಾದರೆ ಗಣಕಫಲಕದ ಮೇಲೆ ಯಾವ ಅಂಗಕ್ಕೆ ಪ್ರಯೋಜನವಿಲ್ಲ? ದಾಳದ ಅಂಕಗಳನ್ನು ಕೂಡಿಸುವುದನ್ನೂ ಕೋಷ್ಠಕದಲ್ಲಿ ಸಾಲು ಹುಡುಕುವುದನ್ನೂ ಯಂತ್ರಕ್ಕೆ ಬಿಡಬಹುದು. ಲೆಕ್ಕದ ಶ್ರಮವು ಆಟದ ಫಲವಲ್ಲ. ಆದರೆ ನಕ್ಷೆಯನ್ನು ಬರೆಯುವುದು ಹಾಗಲ್ಲ. ಹಳೆಯ ಕ್ರಮದಲ್ಲಿ ನಿರ್ಣಾಯಕನು ಸುರಂಗವನ್ನು ಬಾಯಿಂದ ವರ್ಣಿಸಿದರೆ ಆಟಗಾರರಲ್ಲಿ ಒಬ್ಬನು ಕಾಗದದ ಮೇಲೆ ಬರೆದುಕೊಳ್ಳುವನು. ತಪ್ಪು ಬರೆದರೆ ದಾರಿ ತಪ್ಪುವರು. ದಾರಿ ತಪ್ಪುವ ಭಯವೇ ಆ ಆಟದ ಸ್ಥಾಯಿ. ಗಣಕಫಲಕವು ಪಾತ್ರವು ನಡೆದಂತೆಲ್ಲ ಅಳತೆಯಾದ ನಕ್ಷೆಯನ್ನು ತಾನೇ ಬಿಚ್ಚಿ ತೋರಿಸಿದರೆ ಹೊಟ್ಟಿನೊಂದಿಗೆ ಕಾಳನ್ನೂ ತೂರಿದಂತಾಗುವುದು.

ಬಾರ್ಕರ್ ಅವರ ಆಟದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಉದಾಹರಣೆಯುಂಟು. ಅಲ್ಲಿ ಆಟಗಾರರ ಪಾತ್ರಗಳು ಜಕಾಲ್ಲಾ ಎಂಬ ರೇವುಪಟ್ಟಣಕ್ಕೆ ಹಡಗಿನಿಂದ ಆಗತಾನೆ ಇಳಿದ ಪರದೇಶದ ಅನಾಗರಿಕರು. ಅವರಿಗೆ ಅಲ್ಲಿನ ಭಾಷೆ ತಿಳಿಯದು, ಆಚಾರ ತಿಳಿಯದು; ಪರದೇಶಿಗಳಿಗೆಂದು ಮೀಸಲಾದ ಕೇರಿಯಲ್ಲಿಯೇ ಇರತಕ್ಕವರು. ಆಟಗಾರನ ಅಜ್ಞಾನವೂ ಪಾತ್ರದ ಅಜ್ಞಾನವೂ ಒಂದೇ ಆಗುವಂತೆ ಗ್ರಂಥಕರ್ತರು ಬಹು ಜಾಣತನದಿಂದ ಏರ್ಪಡಿಸಿದ್ದಾರೆ. ಇಂತಹ ಆಟವನ್ನು ಫಲಕಕ್ಕೆ ತರುವಾಗ ಪ್ರತಿಯೊಂದು ವಿಚಿತ್ರನಾಮದ ಮೇಲೂ ಬೆರಳಿ‌ಟ್ಟೊಡನೆ ಅರ್ಥವು ತೆರೆಯುವಂತೆ ಮಾಡುವುದು ಓದುಗನಿಗೆ ಉಪಕಾರವೆಂದೇ ತೋರುವುದು. ವಾಸ್ತವವಾಗಿ ಅದು ಆ ಆಟದ ಪ್ರಥಮಾಂಕವನ್ನೇ ಕಿತ್ತುಹಾಕುವುದು.

೭. ಶ್ರುತಹಾನಿ ಮತ್ತು ಅಶ್ರುತಕಲ್ಪನೆ

ವ್ಯಾಖ್ಯಾನಕಾರನಿಗೆ ಎರಡು ದೋಷಗಳನ್ನು ಹೇಳುವರು. ಮೂಲದಲ್ಲಿ ಹೇಳಿದುದನ್ನು ಬಿಡುವುದು ಶ್ರುತಹಾನಿ. ಹೇಳದುದನ್ನು ಹೇಳಿದಂತೆ ಕಲ್ಪಿಸುವುದು ಅಶ್ರುತಕಲ್ಪನೆ. ಕಾಗದದ ಮೇಲೆ ಟೀಕೆ ಬರೆಯುವವನು ಈ ಎರಡನ್ನೂ ತಪ್ಪಿಸಿ, ಇಲ್ಲಿ ಮೂಲವು ಸಂದಿಗ್ಧವೆಂದು ಬರೆದು ಮುಂದೆ ಹೋಗಬಹುದು. ಯಂತ್ರಕ್ಕೆ ಅಳವಡಿಸುವವನಿಗೆ ಆ ಸೌಕರ್ಯವು ಸುಲಭವಾಗಿ ದೊರೆಯುವುದಿಲ್ಲ. ಮೊದಲು ಹೊಡೆಯುವವರು ಯಾರೆಂಬುದನ್ನು ಹೇಳದೆ ಇದ್ದರೆ ಸರದಿಯನ್ನು ನಡೆಸುವ ಯಂತ್ರಭಾಗವು ಚಲಿಸುವುದೇ ಇಲ್ಲ. ಆದುದರಿಂದ ಆತನು ಏನನ್ನಾದರೂ ಕಲ್ಪಿಸಲೇಬೇಕಾಗುವುದು. ಕಲ್ಪಿಸಿದುದು ಗುಂಡಿಯೊಂದರ ಹಿಂದೆ ಅಡಗುವುದು. ಒತ್ತುವವನು ಅದನ್ನು ೧೯೭೪ರ ಮಾತೆಂದೇ ನಂಬುವನು.

ಯಂತ್ರವು ಕೇಳಿತೆಂದು ಮೂಲದ ಮೌನವನ್ನು ಮುರಿಯಲೇಬೇಕೇ ಎಂದು ಇಲ್ಲಿ ಪ್ರಶ್ನೆಯು. ಮುರಿಯಲೇಬೇಕು, ಇಲ್ಲದಿದ್ದರೆ ಆಟವೇ ನಡೆಯದು ಎಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವೇನೆಂದರೆ, ಮೇಜಿನಲ್ಲಿಯೂ ಆಟವು ನಡೆಯುತ್ತಿದ್ದುದು ನಿಯಮದಿಂದಲ್ಲ, ನಿರ್ಣಾಯಕನ ವಾಕ್ಕಿನಿಂದ. ಗಣಕಫಲಕದಲ್ಲಿಯೂ ಆ ಮನುಷ್ಯನು ಕುಳಿತೇ ಇದ್ದಾನೆ. ನಿಯಮವಿಲ್ಲದೆಡೆಯಲ್ಲಿ ಯಂತ್ರವು ತಾನೇ ನಿಶ್ಚಯಿಸದೆ ಆತನನ್ನು ಕೇಳುವಂತೆ ರಚಿಸಬಹುದು; ಇಲ್ಲವೆ ಮೂರು ನಾಲ್ಕು ಪಕ್ಷಗಳನ್ನು ಮುಂದಿಟ್ಟು, ಇವು ಯೋಜಕನವು, ಮೂಲದವಲ್ಲ ಎಂದು ಬರೆದು, ಆಯ್ಕೆಯನ್ನು ಆತನಿಗೆ ಬಿಡಬಹುದು. ೧೮೭೬ರಲ್ಲಿ ಕೋಷ್ಠಕಗಳ ಭಾರದಿಂದ ನಿರ್ಣಾಯಕನನ್ನು ಬಿಡಿಸಿದ ವಾದವು ಇಂದು ಯಂತ್ರದ ಭಾರದಿಂದ ಆತನನ್ನು ಬಿಡಿಸುವುದಕ್ಕೂ ಸಲ್ಲುವುದು. ಬಾರ್ಕರ್ ಅವರ ಸಂಗಡ ಆಡಿದವರು ಬರೆದಿರುವಂತೆ, ಅವರು ತಮ್ಮ ಸ್ವಂತ ಮೇಜಿನಲ್ಲಿ ಅಚ್ಚಾದ ನಿಯಮಗಳನ್ನು ಬಹಳ ಮಟ್ಟಿಗೆ ಸರಳಗೊಳಿಸಿಕೊಂಡಿದ್ದರು. ಗ್ರಂಥಕರ್ತನೇ ಇಷ್ಟು ಸಡಿಲಾಗಿ ಹಿಡಿದುದನ್ನು ಯಂತ್ರವು ಬಿಗಿಯಾಗಿ ಹಿಡಿಯುವುದು ಗ್ರಂಥನಿಷ್ಠೆಯೆನಿಸಲಾರದು.

೮. ಶಬ್ದದ ಹಕ್ಕು, ಕರ್ತೃವಿನ ಋಣ

ಮೂಲಕ್ಕೆ ನಿಷ್ಠನಾಗಿರಬೇಕೆಂದು ಹೇಳಿದೊಡನೆ, ಮೂಲವನ್ನು ಬಳಸಲು ಅಧಿಕಾರವಿದೆಯೇ ಎಂಬ ಪ್ರಶ್ನೆಯು ಏಳುವುದು. ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಲೆಕ್ಕ ಬರೆಯುವ ಪದ್ಧತಿಯೊಂದರ ವ್ಯಾಜ್ಯದಲ್ಲಿ ೧೮೭೯ರಲ್ಲಿಯೇ, ಪದ್ಧತಿಯನ್ನು ವಿವರಿಸುವ ಪುಸ್ತಕಕ್ಕೆ ಗ್ರಂಥಸ್ವಾಮ್ಯವುಂಟು, ಪದ್ಧತಿಗೆ ಇಲ್ಲವೆಂದು ತೀರ್ಮಾನಿಸಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಸ್ವಾಮ್ಯವು ಶಬ್ದಕ್ಕೆ, ಅರ್ಥಕ್ಕಲ್ಲ. ಹಳೆಯ ಆಟಗಳ ನಿಯಮಗಳನ್ನು ಹೊಸ ಮಾತುಗಳಲ್ಲಿ ಬರೆಯುವ ಸಂಪ್ರದಾಯಕ್ಕೆ ಇದೊಂದು ಆಧಾರ. ಪ್ರಕಾಶಕರೇ ೨೦೦೦ದಲ್ಲಿ ಕೊಟ್ಟ ಮುಕ್ತಾನುಮತಿಯು ಇನ್ನೊಂದು. ೨೦೦೬ರ ಆಸ್ರಿಕ್ ಎಂಬ ಗ್ರಂಥವು ಆ ಅನುಮತಿಯನ್ನು ಆಶ್ರಯಿಸಿ, ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಪರಂಪರೆಯ ಹಳೆಯ ಆವೃತ್ತಿಯೊಂದನ್ನು ಪುನಃ ರಚಿಸಿತು. ೨೦೨೩ರ ಜನವರಿಯಲ್ಲಿ ಆ ಅನುಮತಿಯ ಬಗ್ಗೆ ವಿವಾದವೆದ್ದು, ಕೊನೆಗೆ ಐದನೆಯ ಆವೃತ್ತಿಯ ಮೂಲನಿಯಮಗಳು ಕ್ರಿಯೇಟಿವ್ ಕಾಮನ್ಸ್ ಎಂಬ ಸಾರ್ವಜನಿಕ ಅನುಮತಿಗೆ ಒಳಪಟ್ಟುವು. ಆದರೆ ಬಾರ್ಕರ್ ಅವರ ಲೋಕದಂತಹವುಗಳಲ್ಲಿ ಶಬ್ದವೇ ಸರ್ವಸ್ವ. ದೇವತೆಗಳ ಹೆಸರು, ಪಟ್ಟಣದ ವರ್ಣನೆ, ಭಾಷೆ ಇವನ್ನು ತೆಗೆದರೆ ಉಳಿಯುವುದು ೧೯೭೪ರ ಪ್ರಕೃತಿಯೇ. ಅಲ್ಲಿ ಸ್ವಾಮ್ಯವುಳ್ಳವರ ಸಮ್ಮತಿಯಿಲ್ಲದೆ ಯೋಜಕನಿಗೆ ಗತಿಯಿಲ್ಲ.

ಕರ್ತೃವಿಚಾರವೂ ಇಲ್ಲಿಯೇ ಹೇಳತಕ್ಕದ್ದು. ಬಾರ್ಕರ್ ಅವರು ೨೦೧೨ರಲ್ಲಿ ತೀರಿಕೊಂಡರು. ನಾಜೀಪಕ್ಷವನ್ನು ಎತ್ತಿಹಿಡಿಯುವ, ಯೆಹೂದ್ಯದ್ವೇಷದಿಂದ ತುಂಬಿದ ಕಾದಂಬರಿಯೊಂದು ೧೯೯೧ರಲ್ಲಿ ಗುಪ್ತನಾಮದಿಂದ ಅಚ್ಚಾಗಿದ್ದು, ಅದನ್ನು ಬರೆದವರು ಇವರೇ ಎಂಬುದನ್ನು ಇವರ ಸಾಹಿತ್ಯದ ಪಾಲಕರಾದ ಟೇಕುಮೆಲ್ ಫೌಂಡೇಷನ್ ಎಂಬ ಸಂಸ್ಥೆಯವರು ೨೦೨೨ರಲ್ಲಿ ಬಹಿರಂಗವಾಗಿ ಒಪ್ಪಿ ಖಂಡಿಸಿದರು. ಇದನ್ನು ಕೇಳಿ ಅನೇಕ ಆಟಗಾರರು ಆ ಲೋಕವನ್ನೇ ತೊರೆದರು. ಕೆಲವರು ಗ್ರಂಥವು ಬೇರೆ, ಕರ್ತೃವು ಬೇರೆಯೆಂದು ಸಮಾಧಾನ ಹೇಳಿಕೊಂಡರು. ಯಾರು ಯಾವ ಮಾರ್ಗವನ್ನು ಹಿಡಿಯುವರೆಂಬುದು ಅವರವರ ಅಂತಃಕರಣಕ್ಕೆ ಸೇರಿದುದು. ಯೋಜಕನಿಗೆ ಮಾತ್ರ ಒಂದು ಕರ್ತವ್ಯವು ತಪ್ಪದು: ಅದನ್ನು ಮುಚ್ಚದಿರುವುದು. ಮೂಲದ ಮೌನವನ್ನು ತನ್ನ ಮಾತಿನಿಂದ ಮುಚ್ಚುವುದು ಹೇಗೆ ಅಪಚಾರವೋ, ಕರ್ತೃವಿನ ದೋಷವನ್ನು ತನ್ನ ಮೌನದಿಂದ ಮುಚ್ಚುವುದೂ ಹಾಗೆಯೇ ಅಪಚಾರವು. ಪೀಠಿಕೆಯಲ್ಲಿ ಎರಡು ವಾಕ್ಯಗಳಿಗೆ ಸ್ಥಳವಿಲ್ಲದ ಗ್ರಂಥವಿಲ್ಲ.

೯. ಉಪಸಂಹಾರ

ಗೈಗ್ಯಾಕ್ಸ್ ಅವರು ೨೦೦೮ರಲ್ಲಿಯೂ ಆರ್ನೆಸನ್ ಅವರು ೨೦೦೯ರಲ್ಲಿಯೂ ಕಾಲವಾದರು. ಮೊದಲ ಮೇಜುಗಳ ಸುತ್ತ ಕುಳಿತಿದ್ದವರಲ್ಲಿ ಉಳಿದವರು ಈಗ ವೃದ್ಧರು. ಇನ್ನು ಕೆಲವು ವರ್ಷಗಳಲ್ಲಿ ಆ ಸಂಪ್ರದಾಯವನ್ನು ಬಾಯಿಂದ ಹೇಳಬಲ್ಲವರು ಯಾರೂ ಇರಲಾರರು. ಆ ಮೇಲೆ ಹೊಸಬನೊಬ್ಬನಿಗೆ ಈ ಆಟಗಳು ಕೈಗೆ ಸಿಕ್ಕುವುದು ಹಳದಿಯಾದ ಪುಸ್ತಕದಿಂದಲ್ಲ, ಗಣಕಫಲಕದಿಂದ. ಫಲಕವು ಏನನ್ನು ತೋರಿಸುವುದೋ ಅದೇ ಆತನಿಗೆ ಮೂಲವಾಗುವುದು. ಪ್ರಕ್ಷೇಪಗಳು ಮೂಲದೊಳಗೆ ಬೆರೆತುಹೋದ ಎಷ್ಟೋ ಕಾವ್ಯಗಳ ಪರಿಷ್ಕರಣದಲ್ಲಿ ನಮ್ಮ ವಿದ್ವಾಂಸರು ಪಟ್ಟಿರುವ ಪಾಡನ್ನು ಬಲ್ಲವರಿಗೆ ಇದರ ಗೌರವವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಲಿಪಿಕಾರರು ಬೆರಸಿದುದನ್ನು ಬೇರ್ಪಡಿಸಲು ಓಲೆಯ ಪ್ರತಿಗಳಾದರೂ ಇದ್ದುವು. ಇಲ್ಲಿ ಯಂತ್ರದ ಹಳೆಯ ರೂಪವು ಹೊಸದರಿಂದ ಅಳಿಸಿಹೋದರೆ ಪ್ರತಿಯೂ ಉಳಿಯದು.

ಆದುದರಿಂದ ಹಳೆಯ ಆಟವನ್ನು ಫಲಕಕ್ಕೆ ತರುವವನು ಮೂರು ಪದರಗಳನ್ನು ಬೇರೆಬೇರೆಯಾಗಿ ಇಡಬೇಕು. ಮೊದಲನೆಯದರಲ್ಲಿ ಮೂಲನಿಯಮ, ಯಾವ ವರ್ಷದ ಯಾವ ಮುದ್ರಣದ್ದೆಂಬ ನಿರ್ದೇಶದೊಡನೆ. ಎರಡನೆಯದರಲ್ಲಿ ಅತಿದೇಶ, ಊಹ, ಬಾಧಗಳಿಂದ ತಾನು ಮಾಡಿದ ಬದಲಾವಣೆ, ಕಾರಣದೊಡನೆ. ಮೂರನೆಯದರಲ್ಲಿ ಮೂಲವು ಮೌನವಾಗಿರುವ ಸ್ಥಳಗಳು, ಮೌನವಾಗಿಯೇ. ಬದುಕಿರುವ ಆಟಗಾರರಿಂದ ಅವರ ಮೇಜಿನ ರೂಢಿಯನ್ನು ಕೇಳಿ ಬರೆದುಕೊಳ್ಳುವ ಕೆಲಸವು ಇವಕ್ಕೆಲ್ಲ ಮುಂಚೆ ನಡೆಯಬೇಕು. ಪಾಠಶಾಲೆಗಳಲ್ಲಿ ಟೀಕೆಗಳನ್ನು ಓದಿ ಮೂಲವನ್ನೂ ವ್ಯಾಖ್ಯೆಯನ್ನೂ ಬೇರ್ಪಡಿಸುವ ಅಭ್ಯಾಸವುಳ್ಳವರಿಗೆ ಈ ವಿಷಯವು ಅನ್ಯವಲ್ಲ. ಆಟವು ಅಲ್ಪವೆಂದು ಉಪೇಕ್ಷಿಸದೆ, ನ್ಯಾಯವು ಅಲ್ಪವಲ್ಲವೆಂದು ವಿದ್ವಾಂಸರು ಇದನ್ನು ವಿಚಾರಕ್ಕೆ ತೆಗೆದುಕೊಳ್ಳಬೇಕೆಂದು ಪ್ರಾರ್ಥಿಸುವೆವು.